ಬಿಡು ವಿಲ್ಫ್, ಹ್ಯೂಯೀದು

ಹ್ಯಾಗ್‌ಡೇಲ್ ಎಂಬ ಗಿರಣಿ ಊರಿನಲ್ಲಿ ಹುಟ್ಟಿದವರಿಗೆ ಯಾರೂ ಇದನ್ನು ಎರಡು ಸಲ ಹೇಳಬೇಕಾಗಿಲ್ಲ: ಫುಟ್‌ಬಾಲ್ ಆಡುವಾಗ ಮೇಲಿಂದ ಇಳಿಯುವ ಚೆಂಡಿಗೆ ‘ನಂದು’ ಎಂದು ಕೂಗಬಾರದು. ಬರೀ ‘ಬಿಡು’ ಎಂದೂ ಕೂಗಬಾರದು. ಹೆಸರು ಹೇಳಬೇಕು. ಹೆಸರಿಲ್ಲದೆ ಕೂಗಿದರೆ ರೆಫರಿ ಸೀಟಿ ಊದಿ ಚೆಂಡನ್ನು ಎದುರಾಳಿಯ ಕೈಗೆ ಕೊಡುತ್ತಾನೆ. ನಿಯಮದ ಪುಸ್ತಕದಲ್ಲಿ ಇದು ಎಲ್ಲಿದೆ ಎಂದು ಕೇಳಿ ನೋಡಿ, ಒಬ್ಬರೂ ತೋರಿಸಲಾರರು. ಕೇಳಿದ ನಿಮ್ಮನ್ನೇ ಪೆದ್ದರನ್ನು ನೋಡಿದ ಹಾಗೆ ನೋಡುತ್ತಾರೆ. ‘ನಂದು’ ಎಂದು ಯಾವನು ಬೇಕಾದರೂ ಕೂಗಬಹುದು, ಎದುರಾಳಿಯೇ ಕೂಗಿ ನಿಮ್ಮನ್ನು ಬೇಸ್ತು ಬೀಳಿಸಬಹುದು. ಹೆಸರಿಗೆ ಮಾತ್ರ ಒಬ್ಬನೇ ಒಡೆಯ ಎಂಬುದು ಅಲ್ಲಿಯವರ ನಂಬಿಕೆ. ವಿಲ್ಫ್ ಹೋರಕ್ಸ್ ಕೂಡ ಹಾಗೇ ನಂಬಿದ್ದ. ಅವನ ಬಾಳು ಹಾಳಾದದ್ದೇ ಹೆಸರು ಹಿಡಿದು ಕೂಗಿದ ಒಂದು ಕೂಗಿನಿಂದ.

ವಿಲ್ಫ್ ನೂಲಿನ ಗಿರಣಿ ಬಿಟ್ಟು ಕ್ಲಬ್ಬಿಗೆ ಸೇರಿದಾಗ ಇನ್ನೂ ಮೀಸೆ ಮೂಡಿರಲಿಲ್ಲ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಕಡಿಮೆ, ಹಣೆ ಕಲ್ಲು. ಗೋಲಿನ ಮುಂದೆ ಡಿಫೆನ್ಸಿನ ನಡುವೆ ಅವನು ನಿಂತನೆಂದರೆ ಒಳಗೆ ಗಾಳಿಯೂ ನುಗ್ಗುವುದಿಲ್ಲ ಎಂದು ಊರಿನವರು ಕೊಚ್ಚಿಕೊಳ್ಳುತ್ತಿದ್ದರು. ಅವನ ಬೆನ್ನ ಹಿಂದೆ ಗೋಲ್‌ಕೀಪರ್, ಆಟದವರ ಬಾಯಲ್ಲಿ ‘ಗೋಲಿ’, ಹ್ಯೂಯಿ ಪ್ರೀಸಲ್. ಮೀನುಗಾರರ ಬಂದರಿನಿಂದ ಬಂದವನು, ಒಂದು ನಿಮಿಷ ಬಾಯಿ ಮುಚ್ಚುವವನಲ್ಲ. ಸಮುದ್ರದ ಮೇಲೆ ದೋಣಿಯಿಂದ ದೋಣಿಗೆ ಕೂಗಿ ಬೆಳೆದವರ ಹಾಗೆ ಅವನು ತನ್ನ ಹೆಸರನ್ನು ಎಳೆಯುತ್ತಿದ್ದ. “ಬಿಡು ವಿಲ್ಫ್, ಹ್ಯೂಯೀದು!” ಎಂದರೆ ಗಿರಣಿಯ ಆಚೆಗೂ ಕೇಳಬೇಕು. ಆ ಕೂಗು ಬಿದ್ದರೆ ವಿಲ್ಫ್ ಹಿಂದೆ ತಿರುಗಿಯೂ ನೋಡದೆ ತಲೆ ತಗ್ಗಿಸಿಬಿಡುತ್ತಿದ್ದ, ಹ್ಯೂಯಿ ಅವನ ತಲೆಯ ಮೇಲಿಂದ ಚೆಂಡನ್ನು ಹಣ್ಣು ಕಿತ್ತ ಹಾಗೆ ಕಿತ್ತುಕೊಳ್ಳುತ್ತಿದ್ದ. ಇಬ್ಬರೂ ಒಂದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು. ಹ್ಯೂಯಿ ಆ ಮನೆಯೊಡತಿಯ ಮಗಳು ಐವಿಯನ್ನೇ ಮದುವೆಯಾದಾಗ ಚರ್ಚಿನಲ್ಲಿ ಅವನ ಪಕ್ಕ ಉಂಗುರ ಹಿಡಿದು ನಿಂತವನು ವಿಲ್ಫ್.

ಅದಾಗಿ ಎರಡನೆಯ ಚಳಿಗಾಲ. ಮಂಜು ಇಳಿದ ಒಂದು ಶನಿವಾರ ಎದುರಾಳಿಗಳಿಗೆ ಮೂಲೆಯಿಂದ ಒದೆಯುವ ಕಾರ್ನರ್ ಸಿಕ್ಕಿತು. ಚೆಂಡು ಎತ್ತರಕ್ಕೆ ಹೋಗಿ ಮಂಜಿನಲ್ಲಿ ಮರೆಯಾಗಿ ನೇರ ವಿಲ್ಫ್‌ನ ಹಣೆಯ ಮೇಲಕ್ಕೇ ಇಳಿಯಿತು. ಅವನು ನೆಗೆಯಲು ಮೊಣಕಾಲು ಮಡಿಸಿದ್ದ. ಅಷ್ಟರಲ್ಲಿ ಹಿಂದಿನಿಂದ ಕೂಗು ಬಂತು, “ಬಿಡು ವಿಲ್ಫ್, ಹ್ಯೂಯೀದು!” ವಿಲ್ಫ್ ತಲೆ ತಗ್ಗಿಸಿದ. ಹ್ಯೂಯಿ ಬಂದದ್ದು ತಡವಾಗಿ. ಅಷ್ಟು ಹೊತ್ತಿಗೆ ಎದುರಾಳಿಗಳ ಫಾರ್ವರ್ಡ್ ರೆಗ್ ಟಾಟರ್ಸಲ್ ನೆಗೆದಾಗಿತ್ತು. ಅವನ ಮೊಣಕಾಲು ಹ್ಯೂಯಿಯ ಕಿವಿಯ ಮೇಲ್ಗಡೆ ತಗುಲಿತು. ಹ್ಯೂಯಿ ಎದ್ದು ನಿಂತ, ಗೋಲಿನ ಕಂಬ ಹಿಡಿದುಕೊಂಡ, ಒಂದಿಷ್ಟು ಹೊತ್ತು ಆಡಿದ ಕೂಡ. ಆಮೇಲೆ ಕೂತ. ಸೋಮವಾರ ಆಸ್ಪತ್ರೆಯಲ್ಲಿ ತೀರಿಕೊಂಡ.

ವಿಚಾರಣೆ ನಡೆಸಿದ ಅಧಿಕಾರಿ ಅದನ್ನು ಆಕಸ್ಮಿಕವೆಂದ. ಫಾರ್ವರ್ಡ್ ಮಾಡಿದ್ದು ತಪ್ಪಲ್ಲ, ಚೆಂಡಿಗೆ ನೆಗೆಯುವುದೇ ಅವನ ಕೆಲಸ. ಹಾಗಾದರೆ ಹಣೆಯ ಮೇಲೆ ಬಂದ ಚೆಂಡನ್ನು ವಿಲ್ಫ್ ಬಿಟ್ಟದ್ದೇಕೆ? ಹ್ಯೂಯಿ ಕೂಗಿದ, ಅದಕ್ಕೇ ಬಿಟ್ಟೆ ಎಂದು ವಿಲ್ಫ್ ಹೇಳಿದ. ಆಗ ಕಪ್ಪು ಕೋಟಿನಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದ ಐವಿ ಎದ್ದು ನಿಂತಳು. ನನ್ನ ಗಂಡನಿಗೆ ಗುರುವಾರದಿಂದ ನೆಗಡಿಯಾಗಿ ಗಂಟಲೂ ಕಿವಿಯೂ ಕಟ್ಟಿದ್ದವು, ದನಿಯೇ ಇರಲಿಲ್ಲ, ಶನಿವಾರ ಬೆಳಿಗ್ಗೆ ಉಪ್ಪು ಬೇಕೆಂದರೂ ಬೆರಳು ತೋರಿಸಿ ಕೇಳಿದ, ತಂಡದಿಂದ ಬಿಟ್ಟಾರೆಂದು ಮ್ಯಾನೇಜರ್‌ಗೆ ಹೇಳಬೇಡ ಅಂತ ಸನ್ನೆ ಮಾಡಿ ಹೋದ, ಅವನು ಕೂಗಲಿಲ್ಲ, ಕೂಗಲಾರ ಎಂದಳು. ಆಮೇಲೆ ವಿಲ್ಫ್‌ನ ಕಡೆ ತಿರುಗಿದಳು.

“ಹೆದರ್ಕೊಂಡೆ ಅನ್ನು. ಬಿಟ್ಬಿಟ್ಟೆ ಅನ್ನು. ಸತ್ತೋರ ಬಾಯಲ್ಲಿ ಮಾತು ತುರುಕ್ಬೇಡ.”

ಅದೇ ಕೊನೆ. ಆಮೇಲೆ ಅವಳು ಅವನ ಹತ್ತಿರ ಮಾತಾಡಲಿಲ್ಲ. ಊರೂ ಅವಳ ಮಾತನ್ನೇ ನಂಬಿತು. ಬಾಯಿಬಿಟ್ಟು ಯಾರೂ ಅನ್ನಲಿಲ್ಲ, ಸಣ್ಣ ಊರುಗಳಿಗೆ ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ. ಪಬ್ಬಿನಲ್ಲಿ ಅವನು ಒಳಗೆ ಬಂದರೆ ಜಾಗ ಬಿಡುತ್ತಿದ್ದರು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಜಾಗ.

ನಿಜ ಹೇಳಬೇಕೆಂದರೆ ವಿಲ್ಫ್‌ನ ತಲೆ ಕೊರೆದದ್ದು ಊರಿನ ಮಾತಲ್ಲ. ಆ ಶನಿವಾರ ಆಟಕ್ಕೆ ಮೊದಲು ಡ್ರೆಸ್ಸಿಂಗ್ ರೂಮಿನಲ್ಲಿ ಹ್ಯೂಯಿ ಬರೀ ತಲೆ ಆಡಿಸಿದ್ದು ಅವನಿಗೆ ನೆನಪಿತ್ತು. ಆ ಪಂದ್ಯದಲ್ಲಿ ಅದಕ್ಕೆ ಮೊದಲು ಹ್ಯೂಯಿ ಒಂದೇ ಒಂದು ಸಲವೂ ಕೂಗಿದ್ದು ನೆನಪಿಗೆ ಬರಲಿಲ್ಲ. ಆದರೂ ಕೇಳಿಸಿದ್ದು ಕೇಳಿಸಿತ್ತು. ಹಾಗಾದರೆ ಅದೇನು? ತನ್ನ ಕಿವಿಯೇ ಹೆದರಿಕೆಗೆ ನೆಪ ಹುಡುಕಿಕೊಟ್ಟಿತೋ? ಮನುಷ್ಯ ತನಗೆ ತಾನೇ ಅಷ್ಟು ಚೆನ್ನಾಗಿ ಸುಳ್ಳು ಹೇಳಿಕೊಳ್ಳಬಲ್ಲನೋ? ಆ ಕೂಗು ನಿಜವಾಗಿಯೂ ಇತ್ತೋ ಇಲ್ಲವೋ ಎನ್ನುವ ಒಂದೇ ಪ್ರಶ್ನೆಯನ್ನು ಹೊತ್ತುಕೊಂಡು ಅವನು ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದ.

ಬದುಕಿದ ಎಂದರೆ, ಆಡಿದ, ಮಂಡಿ ಹೋಗುವವರೆಗೆ. ಆಮೇಲೆ ಮ್ಯಾನೇಜರ್ ಆದ. ಮೊದಲು ಕಲ್ಲಿದ್ದಲಿನ ಊರಿನ ಒಂದು ಬಡಪಾಯಿ ಕ್ಲಬ್ಬು, ಅಲ್ಲಿಂದ ಸಮುದ್ರದ ದಂಡೆಯ ಇನ್ನೊಂದು, ಅಲ್ಲಿ ಒಮ್ಮೆ ಮೇಲಿನ ಡಿವಿಷನ್ನಿಗೂ ಏರಿಸಿದ. ಪತ್ರಿಕೆಯವರು ಅವನ ತಂಡವನ್ನು ‘ಕತ್ತು ತಿರುಗಿಸುವ ತಂಡ’ ಎಂದು ಗೇಲಿ ಮಾಡುತ್ತಿದ್ದರು. ಯಾಕೆಂದರೆ ಅವನು ಕಲಿಸುತ್ತಿದ್ದ ಮೊದಲ ಪಾಠವೇ ಅದು: ಕೂಗು ಕೇಳಿದರೆ ಸಾಲದು, ಕತ್ತು ತಿರುಗಿಸಿ ಗೋಲಿಯ ಬಾಯಿ ನೋಡಬೇಕು, ಬಾಯಿ ಅಲ್ಲಾಡಿದ್ದರೆ ಮಾತ್ರ ಚೆಂಡು ಬಿಡಬೇಕು. ಹಾಗೆ ನೋಡುವಷ್ಟರಲ್ಲಿ ಗೋಲು ಆಗಿಹೋಗಿರುತ್ತದೆ ಎಂದು ಆಟಗಾರರು ಗೊಣಗುತ್ತಿದ್ದರು. ಆಗಲಿ ಎನ್ನುತ್ತಿದ್ದ. ಮ್ಯಾನೇಜರ್ ಆದವನು ಗೋಲು ಆಗಲಿ ಎನ್ನುವುದೇ? ಆದರೆ ಅವನು ಎನ್ನುತ್ತಿದ್ದ. ಅವನ ತಂಡದಲ್ಲಿ ಮಾತ್ರ ಯಾವ ಗೋಲಿಯೂ ತಲೆ ಒಡೆದುಕೊಳ್ಳಲಿಲ್ಲ. ಅವನಿಗೂ ಅದೇ ಚಾಳಿಯಾಗಿ ಹೋಯಿತು. ಬೆಂಚಿನ ಮೇಲೆ ಕೂತು ಮಿಕ್ಕವರೆಲ್ಲ ಚೆಂಡು ನೋಡಿದರೆ ಅವನು ಗೋಲಿಯ ಬಾಯಿ ನೋಡುತ್ತಿದ್ದ, ತನ್ನ ತಂಡದವನದೂ, ಎದುರಿನವನದೂ.

ಹೋದ ಕಡೆಯೆಲ್ಲ ಕೂಗು ಜೊತೆಗೇ ಹೋಯಿತು. ಮಂಜು ಬಿದ್ದ ದಿನ ಬರುತ್ತಿತ್ತು. ಮೈದಾನಕ್ಕೆ ಹೋಗುವ ಸುರಂಗದಂಥ ಓಣಿಯಲ್ಲಿ ಒಬ್ಬನೇ ನಡೆಯುವಾಗ ಬರುತ್ತಿತ್ತು. “ಬಿಡು ವಿಲ್ಫ್, ಹ್ಯೂಯೀದು!” ಮೊದಮೊದಲು ಮೈ ಬೆವರುತ್ತಿತ್ತು. ವರ್ಷಗಳು ಕಳೆದಂತೆ ಅವನು ಅದಕ್ಕೆ ಕಾಯತೊಡಗಿದ. ನಡುವೆ ಅವನೂ ಮದುವೆಯಾಗಿದ್ದ, ಆ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡ ಮೇಲಂತೂ ಅವನನ್ನು ಹೆಸರು ಹಿಡಿದು ಕರೆಯುವ ದನಿ ಅದೊಂದೇ ಉಳಿಯಿತು, ಮಿಕ್ಕವರಿಗೆಲ್ಲ ಅವನು ಬಾಸ್. ಓಣಿಯಲ್ಲಿ ನಿಂತು ಮೆಲ್ಲಗೆ ಉತ್ತರ ಕೊಡುತ್ತಿದ್ದ. ಇವತ್ತು ಡಿಫೆನ್ಸ್ ಸರಿಯಿಲ್ಲ ಕಣೋ ಎನ್ನುತ್ತಿದ್ದ. ಊರಿಗೆ ಹೋಗಿ ಬಂದಾಗ, ಐವಿ ತೆಳ್ಳಗಾಗಿದಾಳೆ ಎನ್ನುತ್ತಿದ್ದ. ಸತ್ತವನ ಕೊನೆಯ ಮಾತು ತನ್ನ ಹೆಸರಾಗಿತ್ತು ಎನ್ನುವುದು ಎಂಥ ಸಂಕಟ! ಆದರೆ ಅದೇ ಅವನಿಗಿದ್ದ ಸಮಾಧಾನವೂ ಆಗಿತ್ತು.

ಹ್ಯಾಗ್‌ಡೇಲ್ ಅವನನ್ನು ವಾಪಸು ಕರೆದದ್ದು ಕ್ಲಬ್ಬು ನೆಲ ಕಚ್ಚಿದಾಗ. ಅವನು ಬಂದ, ತನ್ನ ಜೊತೆಗೆ ಸಹಾಯಕನಾಗಿ ರೆಗ್ ಟಾಟರ್ಸಲ್‌ನನ್ನು ಇಟ್ಟುಕೊಂಡ. ಹೌದು, ಅದೇ ರೆಗ್, ಅದೇ ಮೊಣಕಾಲು. ಹ್ಯೂಯಿಯ ಅಂತ್ಯಸಂಸ್ಕಾರಕ್ಕೆ ಎದುರಾಳಿ ತಂಡದಿಂದ ಬಂದವನು ಅವನೊಬ್ಬನೇ. ಗೋರಿಯ ಪಕ್ಕ ಮಗುವಿನ ಹಾಗೆ ಅತ್ತಿದ್ದ. ನಿನ್ನದೇನೂ ತಪ್ಪಿಲ್ಲ ಕಣಪ್ಪ ಎಂದು ಅವನ ಬೆನ್ನು ಸವರಿದ್ದು ವಿಲ್ಫ್. ಅಂದಿನಿಂದ ಗೆಳೆತನ. ಇನ್ನೂ ದೊಡ್ಡ ಕ್ಲಬ್ಬಿನವರು ಕರೆದರೂ ಹೋಗದೆ ರೆಗ್ ಈ ಮುಳುಗುವ ಹಡಗಿಗೆ ಹತ್ತಿದ್ದ. ಊರಿನವರು ವಿಲ್ಫ್‌ನ ದೊಡ್ಡ ಮನಸ್ಸನ್ನು ಹೊಗಳಿದರು, ಹೊಗಳಲು ಅವರಿಗೂ ಏನಾದರೂ ಬೇಕಿತ್ತು.

ರೆಗ್ ಇದ್ದ ಕಡೆ ನಗು ಇರುತ್ತಿತ್ತು. ಆಟಕ್ಕೆ ಹೋಗುವ ಬಸ್ಸಿನಲ್ಲಿ ಅಧ್ಯಕ್ಷರ ಕೆಮ್ಮು, ರೆಫರಿಗಳ ಬೈಗುಳ, ಪಾದ್ರಿಯ ಪ್ರವಚನ, ಎಲ್ಲರ ದನಿಯನ್ನೂ ತನ್ನ ಬಾಯಲ್ಲಿ ಹಾಗೇ ತೆಗೆದು ಆಟಗಾರರ ಹೊಟ್ಟೆ ಹುಣ್ಣಾಗಿಸುತ್ತಿದ್ದ. ಒಂದೇ ಒಂದು ಸಲ, ಸೋತು ಬರುವಾಗ, ವಿಲ್ಫ್ ಅವನ ಹತ್ತಿರ ಬಾಯಿ ಬಿಟ್ಟ. ನನಗೆ ಇನ್ನೂ ಹ್ಯೂಯಿಯ ದನಿ ಕೇಳಿಸುತ್ತೆ ಎಂದ. ಏನನ್ನುತ್ತಾನೆ ಎಂದು ರೆಗ್ ಕೇಳಿದ. ಅದೇ, ಬಿಡು ವಿಲ್ಫ್ ಅಂತಾನೆ ಎಂದ. ರೆಗ್ ಕಿಟಕಿಯ ಕಡೆ ಮುಖ ತಿರುಗಿಸಿದವನು ಊರು ಬರುವವರೆಗೂ ಈಚೆ ತಿರುಗಲಿಲ್ಲ. ನನಗಾಗಿ ಮರುಗುತ್ತಾನೆ, ಇಂಥ ಗೆಳೆಯ ಯಾರಿಗೆ ಸಿಗುತ್ತಾನೆ ಎಂದುಕೊಂಡ ವಿಲ್ಫ್.

ಐವಿಗೆ ಕ್ಲಬ್ಬಿನವರು ಹ್ಯೂಯಿ ಹೋದಾಗಲೇ ಮೈದಾನದ ಟೀ ಅಂಗಡಿ ವಹಿಸಿಕೊಟ್ಟಿದ್ದರು. ಗೋಲಿನ ಹಿಂದಿನ ಮೂಲೆಯಲ್ಲಿ ಹಲಗೆಯ ಗೂಡು. ಶನಿವಾರ ಹಿಟ್ಟಿನಲ್ಲಿ ಮಾಂಸ ತುಂಬಿ ಬೇಯಿಸಿದ ಪೈ, ಆಲೂಗೆಡ್ಡೆ ಬೆಣ್ಣೆಯ ಪೈ, ನಾಲಿಗೆ ಸುಡುವ ಟೀ. ಮ್ಯಾನೇಜರ್‌ನ ಟೀಯನ್ನು ಅವಳು ಮಾಡುತ್ತಿದ್ದಳು, ಸಕ್ಕರೆ ಕೂಡ ಅವನಿಗೆ ಬೇಕಾದಷ್ಟೇ ಹಾಕುತ್ತಿದ್ದಳು, ಆದರೆ ಕೊಡುವುದು ಮಾತ್ರ ಜೊತೆಗಿದ್ದ ಹೆಂಗಸಿನ ಕೈಯಲ್ಲಿ. ವಿಲ್ಫ್ ದೂರದಿಂದಲೇ ಲೋಟ ಎತ್ತಿ ತೋರಿಸುತ್ತಿದ್ದ. ಅವಳು ಬೇರೆ ಕಡೆ ನೋಡುತ್ತಿದ್ದಳು. ನೀನು ಸುಳ್ಳು ಹೇಳಲಿಲ್ಲ ಎಂದು ಅವಳ ಬಾಯಿಂದ ಒಮ್ಮೆ ಕೇಳಬೇಕು, ಆಮೇಲೆ ಕ್ಲಬ್ಬು ಏರಲಿ ಇಳಿಯಲಿ, ಇದು ವಿಲ್ಫ್‌ನ ಆಸೆ. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಆಸೆ.

ಏರುವ ಮಾತಂತೂ ಇರಲಿಲ್ಲ. ಆ ವರ್ಷ ಕೊನೆಯ ಪಂದ್ಯದ ಹೊತ್ತಿಗೆ ಹ್ಯಾಗ್‌ಡೇಲ್ ಲೀಗಿನ ಪಟ್ಟಿಯ ತಳದ ಹತ್ತಿರ ಬಂದು ಕೂತಿತ್ತು. ಕೊನೆಯ ನಾಲ್ಕು ತಂಡಗಳಲ್ಲಿ ಬಿದ್ದರೆ ಮಿಕ್ಕ ಕ್ಲಬ್ಬುಗಳ ಮುಂದೆ ಟೋಪಿ ತೆಗೆದು ವೋಟು ಬೇಡಬೇಕು, ದಯವಿಟ್ಟು ಇನ್ನೊಂದು ವರ್ಷ ಲೀಗಿನಲ್ಲಿ ಇಟ್ಟುಕೊಳ್ಳಿ ಎಂದು. ಹ್ಯಾಗ್‌ಡೇಲ್ ಆಗಲೇ ಬೇಡಿ ಬೇಡಿ ಮುಖ ಸವೆಸಿಕೊಂಡಿತ್ತು, ಈ ಸಲ ಯಾರೂ ಹಾಕುವವರಿರಲಿಲ್ಲ. ಗೆದ್ದರೆ ಉಳಿವು, ಇಲ್ಲದಿದ್ದರೆ ಮೈದಾನ ಮಾರಿ ಮನೆಗಳನ್ನು ಕಟ್ಟುತ್ತಾರೆ ಎಂದು ಊರೆಲ್ಲ ಮಾತು. ಎದುರಾಳಿ ಬ್ರಾಟ್‌ಲೀ. ಅವರಿಗೆ ಗೆದ್ದು ಆಗಬೇಕಾದ್ದೇನೂ ಇರಲಿಲ್ಲ, ಆದರೂ ಬಿಟ್ಟುಕೊಡುವ ಜನವಲ್ಲ.

ಗೋಲಿಲ್ಲದೆ ಆಟ ಕೊನೆಗೆ ಬಂತು. ಜನ ಕೂಗುವುದನ್ನೂ ಬಿಟ್ಟು ಸುಮ್ಮನಾಗಿದ್ದರು. ಎಡಗಡೆಯಿಂದ ಒಂದು ಚೆಂಡು, ಯಾವ ಉದ್ದೇಶವೂ ಇಲ್ಲದ ಸೋತ ಚೆಂಡು, ಬ್ರಾಟ್‌ಲೀ ಗೋಲಿನ ಮುಂದಕ್ಕೆ ಮೇಲಿಂದ ಇಳಿಯಿತು. ಅದರ ಕೆಳಗೆ ಅವರ ಕೆಂಪು ಕೂದಲಿನ ಎತ್ತರದ ಡಿಫೆಂಡರ್ ಆರಾಮವಾಗಿ ನಿಂತಿದ್ದ. ಅವನ ಹಿಂದೆ ಹ್ಯಾಗ್‌ಡೇಲ್‌ನ ಫಾರ್ವರ್ಡ್ ಬ್ಯಾರಿ ಕ್ರಾಂಪ್ಟನ್ ಒಬ್ಬನೇ. ವಿಲ್ಫ್ ಚಾಳಿಯಂತೆ ಅವರ ಗೋಲಿ ಡೆರಿಕ್‌ನ ಬಾಯಿ ನೋಡುತ್ತಿದ್ದ.

“ಬಿಡು, ಡೆರಿಕ್‌ದು!”

ಸ್ಪಷ್ಟವಾಗಿ ಕೇಳಿತು. ಕೆಂಪು ಕೂದಲಿನವನು ತಲೆ ತಗ್ಗಿಸಿದ. ಡೆರಿಕ್ ಗೋಲಿನ ಗೆರೆಯ ಮೇಲೆ ನಿಂತೇ ಇದ್ದ, ಅವನ ಬಾಯಿ ಹೊಲಿದ ಹಾಗೆ ಮುಚ್ಚಿತ್ತು. ಬ್ಯಾರಿ ಹಣೆ ಕೊಟ್ಟ, ಚೆಂಡು ಬಲೆಗೆ ಬಿತ್ತು.

ಮೈದಾನ ಎದ್ದು ಕುಣಿಯಿತು. ಮುದುಕರು ಟೋಪಿ ಎಸೆದರು, ಗುರುತಿಲ್ಲದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ವಿಲ್ಫ್ ಬೆಂಚಿನಿಂದ ಏಳಲಿಲ್ಲ, ಡೆರಿಕ್‌ನನ್ನೇ ನೋಡುತ್ತಿದ್ದ. ಮುಚ್ಚಿದ ಬಾಯಿ, ಆದರೂ ಅದೇ ಬಾಯಿಯ ಕೂಗು. ಆ ಕಡೆ ಕೆಂಪು ಕೂದಲಿನವನು ಎರಡೂ ಕೈ ಚಾಚಿಕೊಂಡು ಕೀಪರ್‌ಗೆ ನೀನೇ ಕೂಗಿದೆಯಲ್ಲ ಎನ್ನುತ್ತಿದ್ದ, ನಾನೆಲ್ಲಿ ಕೂಗಿದೆ ಎಂದು ಡೆರಿಕ್ ಎಗರುತ್ತಿದ್ದ. ಆ ಚಾಚಿದ ಕೈಗಳು ವಿಲ್ಫ್‌ಗೆ ಚೆನ್ನಾಗಿ ಗೊತ್ತಿದ್ದವು. ವಿಚಾರಣೆಯ ದಿನ ಅವು ಅವನವೇ ಆಗಿದ್ದವು.

ಅಷ್ಟರಲ್ಲಿ ರೆಗ್ ಬೆಂಚಿನಿಂದೆದ್ದು ಗೆರೆಯ ಹತ್ತಿರ ಓಡಿದ್ದ. ಕುಣಿಯುತ್ತಾ ಬಂದ ಬ್ಯಾರಿಯ ಅಂಗಿಯನ್ನು ಎದೆಯ ಹತ್ತಿರ ಹಿಡಿದ. ತಬ್ಬಿಕೊಳ್ಳಲು ಅಲ್ಲ. ಅವನ ಮುಖ ಸುಣ್ಣವಾಗಿತ್ತು.

“ಯಾರೋ ನಿಂಗೆ ಅದನ್ನ ಹೇಳ್ಕೊಟ್ಟಿದ್ದು? ಯಾರು?”

ಬ್ಯಾರಿ ನಗುತ್ತಲೇ ಇದ್ದ. “ನೀವೇ ಅಲ್ವಾ ರೆಗ್? ಬಸ್ಸಲ್ಲಿ ಎಲ್ಲಾರ ದನೀನೂ ತೆಗೀತೀರಲ್ಲ. ಹಂಗೇ ನಾನು ಅವ್ರ ಗೋಲಿ ದನಿ ತೆಗ್ದೆ. ನೀವೂ ನಿಮ್ಮ ಕಾಲ್ದಲ್ಲಿ ಮಾಡಿರ್ಬೇಕು ಬಿಡಿ.”

ಅವನು ಮತ್ತೆ ಕುಣಿಯುತ್ತಾ ಹೋದ. ರೆಗ್ ನಿಧಾನವಾಗಿ ಹಿಂದಕ್ಕೆ ತಿರುಗಿದ. ಇಡೀ ಹ್ಯಾಗ್‌ಡೇಲ್‌ನಲ್ಲಿ ಆ ಕ್ಷಣ ಸಂತೋಷಪಡದೆ ಇದ್ದವರು ಇಬ್ಬರೇ, ಆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ರೆಗ್ ಮೊದಲು ಕಣ್ಣು ಕೆಳಗೆ ಹಾಕಿದ. ವಿಲ್ಫ್‌ಗೆ ಇನ್ನು ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಸೀಟಿ ಬಿತ್ತು. ಕ್ಲಬ್ಬು ಉಳಿಯಿತು. ಹೆಗಲ ಮೇಲೆ ಹೊರಲು ಬಂದವರನ್ನು ತಳ್ಳಿ ವಿಲ್ಫ್ ನೇರ ರೆಫರಿಯ ಹತ್ತಿರ ಹೋಗಿ ನಡೆದದ್ದನ್ನು ಹೇಳಿದ. ರೆಫರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಕೇಳಲಿಲ್ಲ, ಆಟ ಮುಗಿಯಿತು, ಗೋಲು ಗೋಲೇ, ನಿಮಗೆ ಹುಚ್ಚೇ ಎಂದ. ಆಮೇಲೆ ವಿಲ್ಫ್ ಯಾವ ಮ್ಯಾನೇಜರೂ ಮಾಡದ ಕೆಲಸ ಮಾಡಿದ. ಎದುರಾಳಿಗಳ ಡ್ರೆಸ್ಸಿಂಗ್ ರೂಮಿನ ಬಾಗಿಲು ತಳ್ಳಿ ಒಳಗೆ ಹೋದ.

ಒಳಗೆ ಬ್ರಾಟ್‌ಲೀ ಮ್ಯಾನೇಜರ್ ಕೆಂಪು ಕೂದಲಿನವನ ಮೇಲೆ ಹರಿಹಾಯುತ್ತಿದ್ದ, ಮಿಕ್ಕವರು ಬೂಟಿನ ಲಾಡಿ ನೋಡುತ್ತಾ ಕೂತಿದ್ದರು. ವಿಲ್ಫ್‌ನನ್ನು ಕಂಡು ಎಲ್ಲರೂ ತಲೆ ಎತ್ತಿದರು.

“ಇವ್ನಿಗೆ ಕೇಳ್ಸಿದ್ದು ನಿಜ,” ಎಂದ ವಿಲ್ಫ್. “ಕೂಗಿದ್ದು ನಮ್ಮೋನು. ಇವ್ನು ಹೆದರ್ಲಿಲ್ಲ, ಸುಳ್ಳೂ ಹೇಳ್ತಿಲ್ಲ. ಎಲ್ಲಾರೂ ಕೇಳಿಸ್ಕೊಳ್ಳಿ.”

ಕೆಂಪು ಕೂದಲಿನವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಇದನ್ನು ತನಗೆ ಯಾರಾದರೂ ಬಂದು ಹೇಳಿದ್ದರೆ, ಬರೀ ಇಷ್ಟನ್ನೇ ಹೇಳಿದ್ದರೆ ಎಂದು ವಿಲ್ಫ್‌ಗೆ ಅನ್ನಿಸಿತು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ರೆಗ್ ಬೂಟುಗಳ ಕೋಣೆಯಲ್ಲಿದ್ದ. ಹೊರಗೆ ಹಾಡು, ಕುಡಿತ. ಅವನು ಬೆಂಚಿನ ಮೇಲೆ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಎಲ್ಲವನ್ನೂ ಹೇಳಿದ, ಮುಚ್ಚಿಡಲಿಲ್ಲ. ಆ ಕಾಲದಲ್ಲಿ ಹ್ಯೂಯಿಯ ಎಳೆದ ಕೂಗನ್ನು ತನ್ನ ತಂಡದವರ ಮುಂದೆ ಮಾಡಿ ನಗಿಸುತ್ತಿದ್ದನಂತೆ. ಆ ದಿನ ಮಂಜು, ಯಾರಿಗೂ ಯಾರೂ ಕಾಣುತ್ತಿರಲಿಲ್ಲ, ಹೆಸರು ಹಿಡಿದು ಕೂಗಿದರೆ ರೆಫರಿಗೂ ಅನುಮಾನ ಬರುವುದಿಲ್ಲ. ವಿಲ್ಫ್ ತಲೆ ತಗ್ಗಿಸುತ್ತಾನೆ, ಹ್ಯೂಯಿ ತಾನು ಕೂಗಿಲ್ಲವಾದ್ದರಿಂದ ಗೆರೆ ಬಿಟ್ಟು ಬರುವುದಿಲ್ಲ, ನನಗೆ ಸುಲಭದ ಗೋಲು, ಇಷ್ಟೇ ಲೆಕ್ಕ. ಆದರೆ ಹ್ಯೂಯಿ ಬಂದ. ವಿಲ್ಫ್ ಚೆಂಡು ಬಿಟ್ಟದ್ದನ್ನು ನೋಡಿ, ಯಾಕೆಂದು ತಿಳಿಯದೆ, ಅವನ ತಪ್ಪು ಮುಚ್ಚಲು ಓಡಿ ಬಂದ. ಕಿವಿ ಕಟ್ಟಿರದಿದ್ದರೆ ಆ ಕೂಗು ಅವನಿಗೂ ಕೇಳುತ್ತಿತ್ತು, ಗಂಟಲಿದ್ದಿದ್ದರೆ ‘ನಾನಲ್ಲ’ ಎಂದಾದರೂ ಕೂಗುತ್ತಿದ್ದ. ಅವನಿಗೆ ಗಂಟಲು, ಕಿವಿ ಕಟ್ಟಿದ್ದವೆಂದು ರೆಗ್‌ಗೆ ತಿಳಿದದ್ದು ವಿಚಾರಣೆಯಲ್ಲಿ, ಐವಿ ಎದ್ದು ನಿಂತಾಗ.

ಆಗಲೇ ಯಾಕೆ ಹೇಳಲಿಲ್ಲ ಎಂದು ವಿಲ್ಫ್ ಕೇಳಲಿಲ್ಲ. ರೆಗ್ ತಾನೇ ಹೇಳಿದ, ನಾಳೆ ಹೇಳುತ್ತೇನೆ ಎಂದುಕೊಂಡೆ ಎಂದ.

“ಈ ಹಾಳೂರಿಗೆ ನಾನ್ಯಾಕೆ ಬಂದೆ ಅನ್ಕೊಂಡಿದ್ದೀಯ? ದಿನಾ ನಿನ್ನ ಪಕ್ಕ ಕೂರ್ಬೇಕಿತ್ತು. ಅದೇ ನಂಗೆ ನಾನು ಹಾಕ್ಕೊಂಡ ಜೈಲು.”

ವಿಲ್ಫ್ ಅವನಿಗೆ ಹೊಡೆಯಬಹುದಿತ್ತು. ಕೈ ಎತ್ತಲಾಗದಷ್ಟು ಮುದುಕನೇನೂ ಆಗಿರಲಿಲ್ಲ. ಆದರೆ ಅವನು ಯೋಚಿಸುತ್ತಿದ್ದದ್ದು ಆ ಓಣಿಯ ದನಿಯನ್ನು. ಇಷ್ಟು ವರ್ಷ ತನ್ನ ಹೆಸರು ಹಿಡಿದು ಕರೆದದ್ದು ಹ್ಯೂಯಿಯಲ್ಲ. ಮಂಜಿನಲ್ಲಿ ನಿಂತು, ಹೆಂಡತಿ ಹೋದ ದುಃಖವನ್ನೂ ಸೇರಿಸಿ ಎಲ್ಲವನ್ನೂ ತಾನು ಹೇಳಿಕೊಂಡದ್ದು ಒಂದು ಕುಚೋದ್ಯಕ್ಕೆ. ಕಿವಿ ಸುಳ್ಳು ಹೇಳಿರಲಿಲ್ಲ, ಸರಿ. ತಾನು ಹೇಡಿಯಲ್ಲ, ಅದೂ ಸರಿ. ಬೇಕೆಂದದ್ದೆಲ್ಲ ಕೈಗೆ ಬಂತು, ಗೆಳೆಯ ಮಾತ್ರ ಎರಡನೆಯ ಸಲ ಸತ್ತ. ಜೊತೆಗೆ, ಸತ್ತವನು ಬದುಕಿನ ಕೊನೆಯ ಗಳಿಗೆಯಲ್ಲಿ ತನ್ನ ಬಗ್ಗೆ ಏನಂದುಕೊಂಡ? ವಿಲ್ಫ್ ಯಾಕೆ ಬಿಟ್ಟ ಎಂದುಕೊಂಡೇ ಹೋದ. ಅದನ್ನು ಇನ್ನು ತಿದ್ದುವವರು ಯಾರೂ ಇಲ್ಲ.

ವಿಲ್ಫ್ ಬಾಗಿಲು ತೆಗೆದು ಹೊರಗೆ ನಡೆದ. ರೆಗ್ ಹಿಂದೆಯೇ ಬಂದ, ವಿಲ್ಫ್ ಅವನನ್ನು ತಡೆಯಲಿಲ್ಲ.

ಬಿಸಿಲು ಇನ್ನೂ ಇತ್ತು. ಮೈದಾನದ ತುಂಬ ಹರಿದ ಕಾಗದ, ಜನ ಪಬ್ಬುಗಳ ಕಡೆ ಹೋಗಿಯಾಗಿತ್ತು. ಟೀ ಅಂಗಡಿಯಲ್ಲಿ ಐವಿ ಒಬ್ಬಳೇ ಲೋಟ ಒರೆಸುತ್ತಿದ್ದಳು. ಅವಳ ಕೂದಲು ಪೂರ್ತಿ ಬೆಳ್ಳಗಾಗಿದೆ ಎಂದು ವಿಲ್ಫ್ ಅಷ್ಟು ಹತ್ತಿರದಿಂದ ಮೊದಲ ಸಲ ನೋಡಿದ. ಹಲಗೆಯ ಈಚೆ ನಿಂತು ಟೋಪಿ ತೆಗೆದ.

“ಐವಿ, ನೀನು ಹೇಳಿದ್ದೇ ಸರಿ. ಹ್ಯೂಯಿ ಕೂಗಿರ್ಲಿಲ್ಲ.”

ಅವಳ ಕೈ ಲೋಟದೊಳಗೇ ನಿಂತಿತು. ಆಮೇಲೆ ತಲೆ ಎತ್ತಿ, ವಿಚಾರಣೆಯ ದಿನದ ನಂತರ ಮೊದಲ ಬಾರಿಗೆ ಅವನ ಜೊತೆ ಮಾತಾಡಿದಳು.

“ಹಾಗಾದ್ರೆ ನಿಂಗೆ ಕೇಳ್ಸಿದ್ದು ಯಾರ ದನಿ?”

ವಿಲ್ಫ್ ಬಾಯಿ ತೆರೆದ. ಹೆಸರು ಹೇಳುವುದೇ ಅವನ ಬದುಕಿನ ಪಾಠವಾಗಿತ್ತು, ಆದರೆ ಆ ಹೆಸರು ನಾಲಿಗೆಗೆ ಬರಲಿಲ್ಲ. ಆಗ ಅವನ ಬೆನ್ನ ಹಿಂದಿನಿಂದ, ಬಹಳ ಮೆಲ್ಲಗೆ, ಸಮುದ್ರದವರ ಆ ಎಳೆತದೊಂದಿಗೆ, ಉತ್ತರ ತಾನೇ ಬಂತು.

“ಬಿಡು ವಿಲ್ಫ್, ಹ್ಯೂಯೀದು.”

ವಿಲ್ಫ್‌ನ ಕತ್ತು ತಾನಾಗಿ ತಗ್ಗಿತು. ಆ ಕೂಗನ್ನು ಅವನ ಮೈ ಇನ್ನೂ ಮರೆತಿರಲಿಲ್ಲ. ಐವಿ ಲೋಟವನ್ನು ಹಲಗೆಯ ಮೇಲೆ ಇಟ್ಟಳು, ಒಂದು ಕೈಯಿಂದ ಗೂಡಿನ ಕಂಬ ಹಿಡಿದುಕೊಂಡಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಹ್ಯೂಯಿಗೆ ನೆಗಡಿ ಬಂದ ಆ ಗುರುವಾರದಿಂದ ಅವನ ಗಂಟಲಿನ ಒಂದು ಮಾತೂ ಅವಳು ಕೇಳಿರಲಿಲ್ಲ. ಗಿರಣಿ ಊರಿನ ಗೋಲಿಯ ದನಿಯನ್ನು ಯಾರು ತಾನೇ ಗ್ರಾಮಫೋನ್ ತಟ್ಟೆಯಲ್ಲಿ ಹಿಡಿದಿಟ್ಟಾರು? ಮದುವೆಯ ಒಂದು ಫೋಟೊ ಇತ್ತು, ಕೈಗವಸು ಇದ್ದವು, ದನಿ ಇರಲಿಲ್ಲ. ಅದು ಹೇಗಿತ್ತೆಂದು ಅವಳಿಗೆ ಮರೆತೇ ಹೋಗಿತ್ತು, ಮರೆತುಹೋಯಿತೆಂದು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ರೆಗ್ ಟೋಪಿಯನ್ನು ಎದೆಗೆ ಒತ್ತಿಕೊಂಡು, ಅಮ್ಮಾ, ತಪ್ಪಾಯಿತು, ಅದು ನಾನೇ ಎನ್ನಲು ಶುರುಮಾಡಿದ. ಅವಳು ಕೈ ಎತ್ತಿ ತಡೆದಳು.

“ನಿನ್ನ ದನಿ ಬೇಡ. ಬೈಯೋದು ಆಮೇಲೆ ಬೈತೀನಿ, ಸಾಯೋವರ್ಗೂ ಬೈತೀನಿ. ಇನ್ನೊಂದ್ ಸಲ ಅನ್ನು.”

ರೆಗ್ ವಿಲ್ಫ್‌ನ ಮುಖ ನೋಡಿದ. ವಿಲ್ಫ್ ನೆಲ ನೋಡುತ್ತಿದ್ದ. ರೆಗ್ ಬಾಯಿ ತೆರೆದು, ಬಿಡು ವಿಲ್ಫ್ ಎಂದು ಶುರು ಮಾಡುತ್ತಿದ್ದಂತೆಯೇ ಐವಿ ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದಳು.

“ವಿಲ್ಫ್ ಹೆಸ್ರು ಬೇಡ. ಅವ್ನಿಗೆ ಆವತ್ತೇ ಸಿಕ್ತಲ್ಲ. ನನ್ನ ಹೆಸ್ರು ಹಿಡಿದು ಕರಿ.”

ರೆಗ್ ಎರಡು ಸಲ ಪ್ರಯತ್ನಿಸಿದ, ಬರಲಿಲ್ಲ. ಕೊನೆಗೆ ಬಂತು, ಹ್ಯೂಯಿ ಮಹಡಿಯ ಮೆಟ್ಟಿಲ ಮೇಲಿಂದ ಕರೆದ ಹಾಗೆ, ಉದ್ದಕ್ಕೆ, ತಪ್ಪೇ ಇಲ್ಲದೆ.

“ಐವೀ...”

“ಬಂದೆ,” ಎಂದಳು ಐವಿ, ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ.